ಮರವನ್ನು ಕೇಳಿದ್ದು

ಎಡಗಡೆ, ಹೌದು, ಎಡಗಡೆಯೇ ಕೂಗಿದ್ದು ಆ ಚುಕಾವ್ ಹಕ್ಕಿ, ಬಲಗಡೆ ಕೂಗಿದ್ದರೆ ಒಳ್ಳೆಯದಾಗುತ್ತಿತ್ತು, ಎಡಗಡೆಯೆಂದರೆ ಮನೆಗೆ ತಿರುಗು ಅಂತ, ಹೇಗೆ ತಿರುಗಲಿ, ಅರಣ್ಯ ಇಲಾಖೆಯ ದೋನ್ ಬಾಲ್ಟಸಾರ್ ಹಿಂದೆಯೇ ಏದುಸಿರು ಬಿಡುತ್ತ ಬರುತ್ತಿದ್ದಾರೆ — ಸೆನ್ಯೋರಾ ಓರ್ಫೆಲಿನಾ, ಸ್ವಲ್ಪ ನಿಧಾನ ಕಣ್ರೀ, ನನ್ನ ಮಂಡಿ ನಿಮ್ಮಂಥದ್ದಲ್ಲ — ನಗಬೇಕು, ನಕ್ಕೆ, ಹಳೇ ಬುಡಗಳನ್ನು ತೋರಿಸುತ್ತೇನೆ ಅಂದವಳು ನಾನೇ, ನನ್ನ ಬಾಯಿಗೆ ಬೆಂಕಿ ಬೀಳ. ಇಗೋ ತಾತನ ಕಾಲದ ಅಲೆರ್ಸೆ ಮರದ ಬುಡಗಳು, ಆಳೆತ್ತರಕ್ಕೆ ಕಡಿದವು, ಬೂದುಬಣ್ಣ, ಇನ್ನೂ ಕೊಳೆತಿಲ್ಲ, ಪಕ್ಕದಲ್ಲೇ ನಿಂತ ಮರದ ಎದೆಮಟ್ಟದಲ್ಲಿ ಚೌಕ ಗಾಯ, ಅದೂ ಹಳತಾಗಿ ಬೂದು — ಇದೇನಿದು? — ಕಿಟಕಿ ಅಂತೀವಿ ದೋನ್, ಕಡಿಯೋಕೆ ಮುಂಚೆ ಮರಾನ ಕೇಳೋರು, ಒಂದು ಚೂರು ಸೀಳಿ ನೋಡೋರು, ಎಳೆ ನೆಟ್ಟಗಿದ್ರೆ ಮಾಡಿನ ಹಲಗೆಗೆ ಆಯ್ತು, ತಿರುಚಿದ್ರೆ ಬಿಟ್ಟುಬಿಡೋರು, ಇದು ನಮ್ಮ ತಾತ ಕೇಳಿದ್ದು — ಅಂದ್ರೆ ಬೇಡ ಅಂತ ಮರಾನೇ ಹೇಳ್ತಾ, ನಮ್ಮ ಆಫೀಸಿನವರಿಗಿಂತ ಜಾಣ ಮರ ಬಿಡಿ! — ಮತ್ತೆ ನಕ್ಕೆ, ಆದರೆ ನೂರೇ ಹೆಜ್ಜೆ ಮುಂದೆ ಇನ್ನೊಂದು ಕಿಟಕಿಯಿದೆ, ಕೆಂಪು, ಹಸಿ ಮಾಂಸದ ಹಾಗೆ ಕೆಂಪು.

ಅಯ್ಯೋ ಎಲಿಯಾಸೆರ್, ಕಟ್ಟಿಕೊಂಡ ಗಂಡನೇ, ಸತ್ತ ಮರ ಸೀಳಲು ಪರವಾನಗಿ ಇದೆ, ಬದುಕಿದ ಮರಕ್ಕೆ ಕೊಡಲಿ ತಾಗಿಸಿದರೆ ಜೈಲು ಅಂತ ಗೊತ್ತಿಲ್ಲವೆ, ಮಗಳ ಮನೆ ಮಾಡು ಸೋರುತ್ತದೆಂದು ಭಾನುವಾರ ಹೋಗಿಬಂದ, ಬರೀ ಕೇಳ್ದೆ ಕಣೇ, ಕಡಿದೇ ಇಲ್ವಲ್ಲ, ಅಂತ ಮಗುವಿನ ಹಾಗೆ ನಿಂತಿದ್ದ, ನಿನ್ನೆ ನಾನೇ ಓಡಿಬಂದು ಕೆಸರು ಮೆತ್ತಿ ಪಾಚಿ ತುರುಕಿದೆ, ಆದರೆ ಎಂಥ ಪಾಚಿ, ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಜೌಗಿನ ಪಾಚಿ, ತಿಳಿಹಸಿರು, ನೆಲದ್ದು, ಅದು ಯಾವ ಮರದ ಮೈಮೇಲೂ ಬೆಳೆಯುವುದಿಲ್ಲ, ಬೆಳಿಗ್ಗೆ ರೊಟ್ಟಿಯ ಹಿಟ್ಟು ನಾದುವಾಗ ಹೊಳೆಯಿತು, ಕೈ ಹಿಟ್ಟಿನಲ್ಲೇ ನಿಂತುಬಿಟ್ಟಿತು, ಅಷ್ಟರಲ್ಲಿ ಬಾಗಿಲಲ್ಲಿ ಇವರು. ಬೇರೆ ದಾರಿಯಿಲ್ಲ, ಅತ್ತ ಜೌಗು, ಇತ್ತ ಕಣಿವೆ, ಬಂದೇಬಿಟ್ಟಿತು ಮರ, ನೋಡಬೇಡ ಓರ್ಫೆಲಿನಾ, ನೆಲ ನೋಡು, ಬೂಟು ನೋಡು, ಅವರು ಟೋಪಿ ತೆಗೆದು ತುದಿ ನೋಡುತ್ತಿದ್ದಾರೆ, ಅಬ್ಬಾ ಏನು ಎತ್ತರ, ಅನ್ನುತ್ತಿದ್ದಾರೆ, ದಾಟುತ್ತಾರೆ, ದಾಟಿದರು, ಕಾಪಾಡಿದೆ ತಾಯಿ, ದಾಟಿಯೇಬಿಟ್ಟರು — ಅದೂ ನಮ್ಮ ತಾತಂದೇ ದೋನ್ — ಯಾರು ಹೇಳಿದ್ದು ಅದು, ನಾನಾ, ಕೇಳದೆಯೇ ಯಾಕೆ ಹೇಳಿದೆ — ಯಾವುದು ಸೆನ್ಯೋರಾ? — ತಿರುಗಿದರು, ನನ್ನ ಕಣ್ಣು ಹೋದ ಕಡೆಗೇ ಅವರ ಕಣ್ಣೂ, ಪಾಚಿಯ ಮುದ್ದೆ ಜಾರಿ ಬೇರಿನ ಮೇಲೆ ಬಿದ್ದಿದೆ, ತಾತ ಸತ್ತು ನಲವತ್ತು ವರ್ಷ, ಒಳಗೆ ಎಳೆ ನೆಟ್ಟಗಿದೆ, ನೆಟ್ಟಗೆ, ಕೆಂಪಗೆ, ಕಿಟಕಿ, ಕೆಂಪು ಕಿಟಕಿ