ಒಂಬತ್ತನೇ ಕಲಮಿನ ಹೊದಿಕೆ

ಎಲ್ಲಿಂದ ಶುರು ಮಾಡಲಿ? ಕರಾರುಪತ್ರದಿಂದ ಮಾಡಿದರೆ ಎರಡನೇ ಸಾಲಿಗೇ ಆಕಳಿಸುತ್ತೀರಿ. ಸಮುದ್ರದಿಂದ ಮಾಡಿದರೆ ಟೂರಿಸ್ಟ್ ಬ್ರೋಷರ್ ಆಗುತ್ತದೆ. ಈ ದ್ವೀಪದಲ್ಲಿ ಹದಿನೇಳು ವರ್ಷ ಕಳೆದ ನನಗೆ ಸಮುದ್ರವೆಂದರೆ ಹಿತ್ತಲು, ಅಷ್ಟೇ. ಕರಾರೇ ಇರಲಿ. ಆಕಳಿಸಿ, ಕಾಯುತ್ತೇನೆ.

೧

ಸೆರುವಾಯಾ ಫಿಜಿಯವಳು. ಕುಕ್ ದ್ವೀಪಗಳಲ್ಲೊಂದರ ಶಾಲೆಗೆ (ಯಾವುದೆಂದು ಹೇಳಲಾರೆ, ಇಲ್ಲಿ ಯಾರ ಬಟ್ಟೆ ಎಲ್ಲಿ ಒಣಗುತ್ತಿದೆ ಎಂಬುದೂ ಊರಿಗೆಲ್ಲ ಗೊತ್ತು) ಗಣಿತ ಕಲಿಸಲು ಎರಡು ವರ್ಷದ ಕರಾರಿನ ಮೇಲೆ ಬಂದಳು. ಏಳು ವರ್ಷದ ಮಗಳು ಅಲೆಸಿಯನ್ನು ಅಕ್ಕನ ಬಳಿ ಬಿಟ್ಟದ್ದು ಒಂಬತ್ತನೇ ಕಲಮನ್ನು ನಂಬಿ: ಆರು ತಿಂಗಳೊಳಗೆ ನೇಮಕಾತಿ ಕಚೇರಿ ತನ್ನ ಖರ್ಚಿನಲ್ಲೇ ಮಗುವನ್ನು ಕರೆತರಬೇಕು. ಹದಿನಾಲ್ಕನೆಯದನ್ನೂ ಓದಿದ್ದಳು: ಅವಧಿಗೆ ಮುಂಚೆ ಬಿಟ್ಟು ಹೋದರೆ ಪ್ರಯಾಣದ ಖರ್ಚೆಲ್ಲ ದಂಡ, ಮೇಲೆ ಐದು ವರ್ಷ ಈ ದೇಶದ ಯಾವ ಶಾಲೆಯಲ್ಲೂ ಕೆಲಸವಿಲ್ಲ.

ಈಗ ಹನ್ನೊಂದನೇ ತಿಂಗಳು. ಮಗು ಬಂದಿಲ್ಲ. ಕೇಳಿದಾಗಲೆಲ್ಲ ಕಚೇರಿಯವರು ಮೂಗಿಗೆ ತುಪ್ಪ ಸವರುತ್ತಾರೆ.

೨

ಮೊದಲ ಡ್ರಾಫ್ಟಿನಲ್ಲಿ ಅವಳು ದಿಂಬಿಗೆ ಮುಖವಿಟ್ಟು ಅಳುತ್ತಿದ್ದಳು. ಅವಳಿಗೇ ಓದಿ ತೋರಿಸಿದೆ.

"ನಾನ್ಯಾವತ್ತು ಅತ್ತೆ? ನೀ ನೋಡಿದ್ಯಾ?"

"ಓದುಗರ ಮನಸ್ಸು ಕರಗಬೇಕಲ್ಲ, ಸೆರು."

"ಕರಗೋಕೆ ಅವರೇನು ಬೆಣ್ಣೆನಾ? ನಡೆದದ್ದನ್ನ ಬರಿ ಕಣಯ್ಯ."

ಹರಿದು ಹಾಕಿದೆ. ನಡೆದದ್ದು ಇಷ್ಟು. ಭಾನುವಾರ ಚರ್ಚ್ ಮುಗಿದ ಮೇಲೆ ವೀಡಿಯೊ ಕಾಲ್‌ನಲ್ಲಿ ಅಲೆಸಿ ಕುರ್ಚಿ ಹತ್ತಿ ನಿಂತು ಯೂನಿಫಾರ್ಮ್ ತೋರಿಸಿದಳು. "ದೊಡ್ಡಮ್ಮ ಮತ್ತೆ ಲಂಗದ ಮಡಿಕೆ ಬಿಚ್ಚಿ ಉದ್ದ ಮಾಡಿದ್ರು ನೋಡು!" ಸೆರು ನೋಡಿದಳು. ಬಿಚ್ಚಲು ಇನ್ನು ಮಡಿಕೆ ಉಳಿದಿರಲಿಲ್ಲ. ನಗುತ್ತಲೇ ಮಾತು ಮುಗಿಸಿ, ಅಲ್ಲೇ ಕೂತು ರಾಜೀನಾಮೆ ಬರೆದಳು.

೩

ರಾಜೀನಾಮೆಗೆ ಶಾಲಾ ಸಮಿತಿಯ ಅಧ್ಯಕ್ಷೆ ಮಾಮಾ ನೂರೋವಾಳ (ಇಲ್ಲಿ ಹಿರಿಯ ಹೆಂಗಸರೆಲ್ಲ ಮಾಮಾ) ಸಹಿ ಬೇಕು. ಆಕೆ ಚರ್ಚ್ ಹಾಲಿನಲ್ಲಿ ಹತ್ತು ಹೆಂಗಸರ ನಡುವೆ ತಿವೈವೈ, ಅಂದರೆ ಬಟ್ಟೆಯ ತುಂಡು ಜೋಡಿಸಿ ಮಾಡುವ ಹೊದಿಕೆ, ಹೊಲಿಯುತ್ತ ಕೂತಿದ್ದಳು. ಪತ್ರ ಓದಿ, ಕತ್ತರಿ ಡಬ್ಬಿಯ ಅಡಿಗಿಟ್ಟಳು; ಕೈಯಲ್ಲಿದ್ದ ಹೊಲಿಗೆ ಬದಿಗೆ ಸರಿಸಿ, ಬೀರುವಿನಿಂದ ಬೇರೊಂದು ಬಟ್ಟೆಗಂಟು ಇಳಿಸಿದಳು.

"ಮೊದ್ಲು ಇದು ಮುಗೀಲಿ. ಕೂತ್ಕೋ, ಸೂಜಿ ತಗೋ."

ಸೆರುಗೆ ಅರ್ಥವಾಯಿತು. ದ್ವೀಪ ಬಿಟ್ಟು ಹೊರಟವರನ್ನು ಹೊದಿಕೆ ಕೊಡದೆ ಕಳಿಸುವುದು ಇಲ್ಲಿ ಊರಿಗೇ ಅವಮಾನ. ಅಂದರೆ ಇದು ಮುಗಿಯುವ ತನಕ ತನಗೆ ಬಿಡುಗಡೆಯಿಲ್ಲ. ಮೂರು ವಾರ ಹಲ್ಲು ಕಚ್ಚಿ ತನ್ನ ಪಾಲಿನ ತುಂಡು ಹೊಲಿದಳು.

"ಫಿಜಿ ಹುಡುಗಿ, ಇದು ಹೊಲಿಗೆನೋ, ಏಡಿ ನಡೆದ ಜಾಡೋ?" ಎಂದು ಹೆಂಗಸರು ನಕ್ಕರೆ ಅವಳೂ ನಗುತ್ತಿದ್ದಳು.

೫

(ನಾಲ್ಕು ಎಲ್ಲಿ ಎಂದಿರಾ? ಅದರಲ್ಲಿ ನನ್ನ ಕಾನೂನು ಭಾಷಣವಿತ್ತು, ಕಿತ್ತೆಸೆದೆ. ಒಂದೇ ಸಾಲು ಉಳಿಸಿಕೊಂಡಿದ್ದೇನೆ: ಮಾತು ಮೊದಲು ಮುರಿದವರು ಇನ್ನೊಬ್ಬರಿಗೆ ದಂಡ ಹಾಕುವುದು ಅಷ್ಟು ಸುಲಭವಲ್ಲ. ಇದು ಸೆರುಗೂ ಗೊತ್ತಿತ್ತು. ಆದರೆ ಅತಿಥಿಯಾಗಿ ಬಂದವಳು ಜಗಳ ತೆಗೆಯಬಾರದು ಎಂಬ ಸಂಕೋಚ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ಇವಳಿಗೆ ಬಾಯಿ ಕ್ಲಾಸಿನಲ್ಲಿ ಮಾತ್ರ.)

ತುಂಡುಗಳನ್ನೆಲ್ಲ ಜೋಡಿಸುವ ದಿನ ಅವಳ ಸಹನೆಯ ಕಟ್ಟೆ ಒಡೆಯಿತು.

"ಮಾಮಾ, ನಂಗೆ ಹೊದಿಕೆ ಬೇಡ, ಸಹಿ ಬೇಕು. ಹೊಲೀತಾ ಹೊಲೀತಾನೇ ನನ್ನ ಎರಡು ವರ್ಷ ಮುಗಿಸ್ತೀರಿ ನೀವು!"

ಸೂಜಿಗಳು ನಿಂತವು.

"ಇದು ನಿಂಗೆ ಅಂತ ಯಾರಂದ್ರು?" ಎಂದಳು ಮಾಮಾ. "ಏಳು. ಮೈಮೇಲೆ ಹಿಡಿದು ನೋಡು."

ಕತ್ತಿನ ಕೆಳಗೆ ಹಿಡಿದಳು. ಮೊಣಕಾಲಿಗೂ ಬರಲಿಲ್ಲ.

"ನಿನ್ನ ಮಗೂದು ಕಣೇ. ಆರು ತಿಂಗಳಲ್ಲಿ ಬರ್ತಾಳೆ ಅಂತ ಬಂದ ದಿನಾನೇ ಹೇಳಿದ್ಯಲ್ಲ, ಅವತ್ತೇ ಬಟ್ಟೆ ತೆಗೆದಿಟ್ವಿ. ಆಮೇಲೆ ನೀ ಬಾಯೇ ಬಿಡ್ಲಿಲ್ಲ. ನೀನೇ ಬೇಡ ಅಂದ್ಯೇನೋ ಅಂದ್ಕೊಂಡು ಎತ್ತಿಟ್ಟಿದ್ವಿ. ನಿನ್ನ ಕಾಗದ ನೋಡಿದ ಮೇಲೆ ತಾನೆ ಗೊತ್ತಾಗಿದ್ದು, ಕಚೇರಿಯೋರು ಕೈ ಕೊಟ್ಟಿದ್ದಾರೆ ಅಂತ. ಅವರು ಮಾತು ತಪ್ಪಿದ್ರೆ ನಾವೂ ತಪ್ಪೋಣ್ವಾ?"

"ಮೂರು ವಾರದಿಂದ ಯಾಕೆ ಹೇಳ್ಲಿಲ್ಲ ಮತ್ತೆ?"

"ತುಂಡು ಎಣಿಸಿದ್ರೆ ಅಳತೆ ನಿಂಗೇ ತಿಳಿಯುತ್ತೆ ಅಂದ್ಕೊಂಡೆ. ಗಣಿತದ ಟೀಚರಂತೆ!"

(ಸೆರು ಅತ್ತಳು ಎಂದು ನಾನು ಬರೆದಿಲ್ಲ. ನೀವು ಹಾಗೆ ಓದಿಕೊಂಡರೆ ಹೊಣೆ ನಿಮ್ಮದು.)

ಮಾಮಾ ರಾಜೀನಾಮೆಯನ್ನು ಎರಡು ಸೀಳು ಮಾಡಿ, ಹೊಸ ಹಾಳೆ ತರಿಸಿದಳು. ಸೆರು ಈ ಸಲ ಒಂಬತ್ತನೇ ಕಲಮಿನಿಂದಲೇ ಶುರು ಮಾಡಿದಳು: ಮಾತು ಮುರಿದವರು ನೀವು, ತಿಂಗಳೊಳಗೆ ಮಗುವನ್ನು ಕರೆತನ್ನಿ, ಇಲ್ಲವೇ ದಂಡವಿಲ್ಲದೆ ನನ್ನನ್ನು ಬಿಡಿ. ಕೆಳಗೆ ಹನ್ನೊಂದು ಹೆಂಗಸರು ಸಹಿ ಮಾಡಿದರು. ಮಾಮಾ ಕೊನೆಗೊಂದು ಸಾಲು ಸೇರಿಸಿದಳು: "ಮಂಚ ಇದೆ, ಹೊದಿಕೆ ಇದೆ. ಮಗು ಎಲ್ಲಿ?" ಪತ್ರ ಗುರುವಾರದ ವಿಮಾನ ಹತ್ತಿತು.

೬

ನನ್ನ ಬಳಿ ಎರಡು ಮುಕ್ತಾಯಗಳಿವೆ. ಒಂದರಲ್ಲಿ ಅಲೆಸಿ ವಿಮಾನದಿಂದ ಇಳಿಯುತ್ತಾಳೆ, ಕೊರಳು ತುಂಬ ಹೂಹಾರ. ಇನ್ನೊಂದರಲ್ಲಿ ಕಚೇರಿ ಮತ್ತೆ ತುಪ್ಪ ಸವರುತ್ತದೆ, ಸೆರು ದಂಡ ಕಟ್ಟಿ ಹೊರಡುತ್ತಾಳೆ. ಎರಡನ್ನೂ ಅವಳ ಮುಂದಿಟ್ಟೆ.

"ಎರಡೂ ಸುಳ್ಳು," ಎಂದಳು. "ಉತ್ತರಾನೇ ಬಂದಿಲ್ಲ. ನಿಂಗ್ಯಾಕೆ ಇಷ್ಟು ಅವಸರ?"

ನಿನ್ನೆ ಹಾಲಿಗೆ ಹೋದೆ. ಹೊದಿಕೆಯ ಮೂರು ಅಂಚು ಮಡಚಿ ಹೊಲಿದಾಗಿತ್ತು. ಕಾಲ ಕಡೆಯದು ಮಾತ್ರ ಹಾಗೇ ಬಿಚ್ಚಿಕೊಂಡಿತ್ತು.

"ಇದನ್ನ ಮುಗಿಸಲ್ವಾ ಮಾಮಾ?"

"ಕಚೇರಿಯೋರು ತಡ ಮಾಡಿದ್ರು ಅಂತ ಮಗು ಬೆಳೆಯೋದು ನಿಲ್ಸುತ್ತಾ? ಇನ್ನೊಂದು ಸಾಲು ಹಾಕ್ಬೇಕು. ನೀ ಸುಮ್ನೆ ನಿಂತಿರೋ ಬದ್ಲು ಈ ದಾರ ಪೋಣಿಸು."

ಪೋಣಿಸಿದೆ. ಬಾಗಿಲ ಬಳಿ ಸೆರು ಫೋನ್ ಹಿಡಿದು ಮಗಳಿಗೆ ಹೇಳುತ್ತಿದ್ದಳು: "ಗೋಡೆಗೆ ಒರಗಿ ನೇರ ನಿಂತ್ಕೋ, ಹಿಮ್ಮಡಿ ಎತ್ತಬೇಡ. ದೊಡ್ಡಮ್ಮಂಗೆ ಗುರುತು ಹಾಕು ಅನ್ನು. ಹಾಕಿದ್ರಾ? ಈಗ ಹೇಳು, ಎಷ್ಟಾಗಿದ್ದೀಯ?"