ಗೆಣ್ಣಿನ ಟೀಚರ್

ಬಲಗೈಯ ನಡುಬೆರಳಿನ ಗೆಣ್ಣಿನ ಮೇಲೆ ಅಂಗಿಯ ಗುಂಡಿಯಷ್ಟಗಲ ಜಡ್ಡುಗಟ್ಟಿದ ಚರ್ಮ, ಅದೇ ಆಕೆಯ ಗುರುತು. ಇಂಗ್ಲಿಷಿನ ಉದ್ದುದ್ದ ಪದಗಳನ್ನು ತುಂಡರಿಸಿ ಮೇಜಿನ ಮೇಲೆ ಕುಟ್ಟಿ ತೋರಿಸುತ್ತಲೇ ಆಯುಷ್ಯವನ್ನು ಸವೆಸಿದ ಟೀಚರ್; ಹಗುರವಾದ ತುಂಡಿಗೆ ಬೆರಳ ತುದಿ, ಒತ್ತು ಬೀಳುವ ತುಂಡಿಗೆ ಗೆಣ್ಣು. ಯೂನಿವರ್ಸಿಟಿ ಎಂದರೆ ಟಿಕ್ ಟಿಕ್ ಟಕ್ ಟಿಕ್ ಟಿಕ್. ಜೇಬಿನ ತುಂಬ ಸೀಮೆಸುಣ್ಣದ ಪುಡಿ ಹೊತ್ತ ಆಕೆಯ ಬೂದು ಕೋಟು ಕಾರಿಡಾರಿನಲ್ಲಿ ಕಂಡರೆ ಸಾಕು, ಮಕ್ಕಳು ಬೆಂಚು ಕುಟ್ಟತೊಡಗುತ್ತಿದ್ದರು. ತಂಗಿಯನ್ನು ಮದುವೆಗೆ ಕೇಳಲು ಬಂದವನಿಂದಲೂ ಅವನ ಹುದ್ದೆಯ ಇಂಗ್ಲಿಷ್ ಹೆಸರನ್ನು ಮೂರು ಸಲ ಹೇಳಿಸಿದ್ದಳು. ಪಾಪ, ಹೇಗೋ ಪಾಸಾದ.

ಆ ತಂಗಿಯೇ ಈಗ ಡಾಕ್ಟರ ಮುಂದೆ ಕೂತಿದ್ದಳು. ಅವಳ ರಿಪೋರ್ಟ್ ನೋಡುತ್ತ ಅವರು ಅವಸರದಲ್ಲಿ ಅಂದರು: "ಅಡಿನೋಕಾರ್ಸಿನೋಮಾ. ಕ್ಯಾನ್ಸರ್ ಕಣಮ್ಮ."

ಪಕ್ಕದಲ್ಲಿದ್ದ ಟೀಚರ್ ಅಕ್ಕ ಬಗ್ಗಿ, ಡಾಕ್ಟರ ಮೇಜಿನ ಮೇಲೆ ಕೈಯಿಟ್ಟಳು. "ಇನ್ನೊಂದ್ಸಲ ಹೇಳಿ. ನಿಧಾನಕ್ಕೆ."

ಡಾಕ್ಟರು ದಂಗಾಗಿ ಮತ್ತೆ ಹೇಳಿದರು. ಅಕ್ಕ ಕುಟ್ಟತೊಡಗಿದಳು. ಅ, ಡಿ, ನೋ, ಕಾರ್, ಸಿ, ನೋ, ಮಾ.

"ನಿಂಗೇನ್ ತಲೆ ಕೆಟ್ಟಿದ್ಯಾ ಅಕ್ಕ? ನಾನ್ ಸಾಯ್ತಿದೀನಿ, ನೀನು ಪಾಠ ಮಾಡ್ತಿದೀಯ!"

"ಹೇಳು ನೀನೂ. ಬಾಯಿಗೆ ಬರದೇ ಇರೋದಕ್ಕೇ ಕಣೆ ಜಾಸ್ತಿ ಹೆದರ್ಕೊಳ್ಳೋದು."

ತಂಗಿಗೆ ಸಿಟ್ಟು ನೆತ್ತಿಗೇರಿತು. ಹೋಗಿಬಿಡಬೇಕೆಂದು ಎದ್ದವಳು ಆ ಸದ್ದು ಕೇಳಿ ಹಾಗೇ ನಿಂತಳು. ಟಿಕ್ ಟಿಕ್ ಟಿಕ್ ಟಿಕ್ ಟಿಕ್ ಟಿಕ್ ಟಿಕ್. ಎಲ್ಲವೂ ಒಂದೇ ಸಮ, ಬೆರಳ ತುದಿಯಲ್ಲೇ. ಒತ್ತು ತಪ್ಪಿದವರನ್ನು ಜನ್ಮದಲ್ಲಿ ಕ್ಷಮಿಸದ ಅಕ್ಕ, ಮತ್ತೆ ಮೊದಲಿಂದ ಕುಟ್ಟುತ್ತಿದ್ದಾಳೆ, ಮತ್ತೆ ಎಲ್ಲೂ ಗೆಣ್ಣು ಬೀಳುತ್ತಿಲ್ಲ. ತನ್ನ ಕಾಯಿಲೆಯ ಸುದ್ದಿಗಿಂತ ದೊಡ್ಡ ಆಘಾತವಾದದ್ದು ತಂಗಿಗೆ ಆಗಲೇ. ಹೆದರಿದ್ದು ತಾನೊಬ್ಬಳೇ ಅಲ್ಲ.

ಅವಳು ಕೂತಳು. ಅಕ್ಕನ ಕೈಯನ್ನು ಹಿಡಿದು ಮುಷ್ಟಿ ಮಾಡಿಸಿ, ಒಂದೊಂದೇ ತುಂಡನ್ನು ತಾನೇ ಉಚ್ಚರಿಸುತ್ತ, ಆರನೆಯದಾದ 'ನೋ' ಬಂದಾಗ ಆ ಜಡ್ಡುಗಟ್ಟಿದ ಗೆಣ್ಣನ್ನು ಮೇಜಿಗೆ ಬಲವಾಗಿ ಕುಟ್ಟಿದಳು. ಟಕ್!

"ಇಲ್ಲಿ ಅಕ್ಕ. ಇಲ್ಲಿ ಬರುತ್ತೆ."

"ಹೂಂ," ಅಂದಳು ಅಕ್ಕ, ಅಳುತ್ತಲೇ. "ಸರಿಯಾಗಿ ಹೇಳ್ದೆ."

ಕಲಿಸುವವರ ಜಾತಿಯೇ ಅಂಥದು. ಊರಮಕ್ಕಳ ಭಯವನ್ನೆಲ್ಲ ಬಾಯಿಗೆ ಹಿಡಿಸುವಷ್ಟು ಸಣ್ಣಗೆ ತುಂಡರಿಸಿ ಕೊಡುತ್ತಾರೆ. ಅದೇ ಭಯ ತಮ್ಮ ಮನೆಯವರ ಮೇಲೆ ಬಂದೆರಗಿದ ದಿನ, ಅವರು ಕಲಿಸಿದ್ದನ್ನು ಅವರಿಗೇ ಹೇಳಿಕೊಡಲು ಒಬ್ಬರು ಪಕ್ಕದಲ್ಲಿರಬೇಕಾಗುತ್ತದೆ.