ವಿಭೂತಿ ಹಚ್ಚಿದ ಪೆಟ್ಟಿಗೆ

ಹದಿನೇಳು ವರ್ಷದಿಂದ ಗಿರಿಜಾದೇವಿ ಒಂದು ಹಾಲಿನ ಕಂಪನಿಯ ಸರ್ವರ್‌ಗಳನ್ನು ಸಾಕಿಕೊಂಡು ಬಂದಿದ್ದಳು. ಡೇರಿ ಊರಂಚಿನ ಮಾಧವರಂನಲ್ಲಿ, ಸರ್ವರ್ ಕೋಣೆ ಊರೊಳಗಿನ ನುಂಗಂಬಾಕ್ಕಂನಲ್ಲಿ. ಡಾಟಾ ಎಂಟ್ರಿಗೆ ಸೇರಿದವಳು ಕೇಬಲ್ ಎಳೆದು, ಬೈಸಿಕೊಂಡು ಕೆಲಸ ಕಲಿತಿದ್ದಳು.

ಈ ಸಲದ ಕೆಲಸ ಸುಲಭದ್ದೇ, ಆದರೆ ಉದ್ದ. ಮೂವತ್ತೆರಡು ಸರ್ವರ್, ಒಂದೊಂದಕ್ಕೂ ಹದಿನೆಂಟು ಡಿಸ್ಕ್. ಡಿಸ್ಕಿಗೆ ಹೋಗಿಬರಲು ಎರಡು ದಾರಿ ಇದ್ದರೂ ಸರ್ವರ್ ಒಂದನ್ನೇ ಸವೆಸುತ್ತಿತ್ತು. ಎರಡನ್ನೂ ಸರದಿಯಂತೆ ಬಳಸುವ ಹಾಗೆ ಸೆಟ್ಟಿಂಗ್ ಬದಲಿಸಬೇಕು. ಗಿರಿಜಾದೇವಿಯ ಪದ್ಧತಿಯಲ್ಲಿ ಒಂದೊಂದನ್ನೇ ತೆರೆದು, ಬದಲಿಸಿ, ಕಾಗದದಲ್ಲಿ ಗುರುತು ಹಾಕಿದರೆ ಮೂರು ಭಾನುವಾರ ಬೇಕು. ಹೊಸದಾಗಿ ಸೇರಿದ ವೃಂದಾ ಹತ್ತು ನಿಮಿಷಕ್ಕೆ ಮುಗಿಸುವ ಸ್ಕ್ರಿಪ್ಟ್ ಬರೆದಿದ್ದಳು. ಮ್ಯಾನೇಜರ್ ಶಿವರಂಜನ್ ಒಪ್ಪಿ, ಒಂದು ಮಾತನ್ನೂ ಸೇರಿಸಿದ್ದ: ಹಾಲಿನ ಗಾಡಿ ಒಂದು ನಿಂತರೂ ವೃಂದಾಳ ನೌಕರಿ ಖಾಯಂ ಆಗುವುದಿಲ್ಲ.

ಭಾನುವಾರ ಹತ್ತು ಗಂಟೆಗೆ, ಬೆಳಗಿನ ಗಾಡಿಗಳೆಲ್ಲ ಹೊರಟ ಮೇಲೆ, ಇಬ್ಬರೂ ಕುಳಿತರು. ಅನ್ನ ಬೆಂದಿದೆಯೋ ಎಂದು ಅಗುಳು ಹಿಚುಕುವ ಹಾಗೆ ಮೊದಲು ಒಂದೇ ಸರ್ವರ್ ಮೇಲೆ ಓಡಿಸಲು ಗಿರಿಜಾದೇವಿ ಹೇಳಿದಳು. ಓಡಿತು. ಹದಿನೆಂಟೂ ಸರಿ.

ವೃಂದಾಳ ಬೆರಳು ಕೀಲಿಯ ಮೇಲೆಯೇ ಇತ್ತು. "ಅಪ್ಪುರಂ, ಆಮೇಲೆ ಇನ್ನೇನು ಅಕ್ಕಾ? ಎಲ್ಲಾದಕ್ಕೂ ಬಿಡ್ಲಾ?"

"ತಡಿಯವ್ವಾ. ಏನೇನು ಮುಟ್ಟತೈತಿ ಅಂತ ಪಟ್ಟಿ ತೆಗೆದು ಕೊಡು. ಕಾಗದದ ಮ್ಯಾಲೆ."

ಈ ಕಾಲದಲ್ಲಿ ಕಾಗದವೇ ಎಂದು ವೃಂದಾ ನಕ್ಕಳು. ಆದರೂ ಪ್ರಿಂಟ್ ತೆಗೆದುಕೊಟ್ಟಳು. ಗಿರಿಜಾದೇವಿ ಕನ್ನಡಕ ಏರಿಸಿ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಸಾಲು ಸಾಲಾಗಿ ಬೆರಳಾಡಿಸಿದಳು. ಇಪ್ಪತ್ತೇಳನೆಯ ಸರ್ವರ್ ಬಂದಾಗ ಬೆರಳು ನಿಂತಿತು. ಎದ್ದು ಸರ್ವರ್ ಕೋಣೆಗೆ ನಡೆದಳು. ವೃಂದಾ ಹಿಂದೆಯೇ ಓಡಿದಳು.

ಮೂಲೆಯಲ್ಲಿ ಹಳೆಯ ಸ್ಟೋರೇಜ್ ಪೆಟ್ಟಿಗೆ; ಇಪ್ಪತ್ತೇಳನೆಯ ಸರ್ವರಿನ ನಾಲ್ಕು ಡಿಸ್ಕ್ ಇದ್ದದ್ದು ಇದರಲ್ಲೇ. ಅದರ ಬಾಗಿಲ ಮೇಲೆ ಮಾಸಿದ ಮೂರು ಬೆರಳಿನ ವಿಭೂತಿ. ಎಂಟು ವರ್ಷದ ಹಿಂದೆ ಇದೇ ಸೆಟ್ಟಿಂಗ್ ಬದಲಿಸಿದ್ದಕ್ಕೆ ಅದು ಸ್ತಬ್ಧವಾಗಿ, ಯಾವ ಗಾಡಿ ಎಲ್ಲಿಗೆ ಎಂಬ ಚೀಟಿ ಹುಟ್ಟದೆ ಅರ್ಧ ಊರಿಗೆ ಹಾಲು ತಪ್ಪಿತ್ತು. ಆ ಪೆಟ್ಟಿಗೆಗೆ ಎರಡು ದಾರಿಯಲ್ಲಿ ಒಟ್ಟಿಗೆ ನಡೆಯುವ ಶಕ್ತಿಯಿಲ್ಲ. ಆ ವರ್ಷದ ಆಯುಧಪೂಜೆಯಲ್ಲಿ ಉಳಿದವಕ್ಕೆಲ್ಲ ಕುಂಕುಮವಿಟ್ಟು, ಇದಕ್ಕೆ ಮಾತ್ರ ಗಿರಿಜಾದೇವಿ ವಿಭೂತಿ ಎಳೆದಿದ್ದಳು. ಮುಟ್ಟಬೇಡಿ ಎಂದು ಅರ್ಥ. ವರ್ಷವರ್ಷವೂ ಎಳೆಯುತ್ತಿದ್ದಳು. ಕೋಣೆಗೆ ಬರುವ ಹಳಬರಿಗೆಲ್ಲ ಗೊತ್ತಿತ್ತು. ಯಾವ ಕಡತದಲ್ಲೂ ಇರಲಿಲ್ಲ.

ಅದನ್ನೆಲ್ಲ ಕೇಳಿ ವೃಂದಾಳ ಮುಖ ಬಿಳಚಿಕೊಂಡಿತು. ಆಗಲೇ ಕೀಲಿ ಒತ್ತಿದ್ದರೆ ಅವಳ ಖಾಯಂ ನೌಕರಿ ಕೈತಪ್ಪುತ್ತಿತ್ತು.

"ನಮ್ಮ ಅಜ್ಜಿ ಬಂದು ಗೋಪಿಚಂದನದ ಮುದ್ರೆ ಹಚ್ಚಿದ್ರೂ ಅಷ್ಟೇ ಅಕ್ಕಾ," ಎಂದಳು ಸಣ್ಣ ದನಿಯಲ್ಲಿ. "ಸ್ಕ್ರಿಪ್ಟಿಗೆ ಕಣ್ಣಿಲ್ಲ."

"ಕಣ್ಣಿದ್ದಾಕಿ ನಾನು. ಬರದಿಡಲಿಲ್ಲ ನೋಡು. ತಪ್ಪು ನಂದು," ಎಂದಳು ಗಿರಿಜಾದೇವಿ.

ಮೂರು ಭಾನುವಾರದ ತನ್ನ ಕೆಲಸವನ್ನು ಹತ್ತು ನಿಮಿಷ ನುಂಗುತ್ತದೆಂದು ವಾರವಿಡೀ ಒಳಗೊಳಗೇ ಕುಟುಕುತ್ತಿದ್ದ ಮುಳ್ಳು, ಹುಡುಗಿಯ ಸಣ್ಣ ದನಿ ಕೇಳಿ ಮಾಯವಾಯಿತು. ಪಕ್ಕದಲ್ಲಿ ಕುಳಿತು, ಆ ಪೆಟ್ಟಿಗೆಯ ಡಿಸ್ಕುಗಳನ್ನು ಗುರುತಿಸುವ ಬಗೆ ಹೇಳಿಕೊಟ್ಟಳು. ವೃಂದಾ ಅವನ್ನು ಬಿಟ್ಟು ಹೋಗುವಂತೆ ಸ್ಕ್ರಿಪ್ಟ್ ತಿದ್ದಿ, ಕಾರಣವನ್ನೂ ಮೇಲೆಯೇ ಬರೆದಳು. ಹೊಸ ಪಟ್ಟಿ ತೆಗೆದರು, ಮತ್ತೆ ಆರಿಸಿದರು. ಆಮೇಲೆ ಓಡಿಸಿದರು. ಆ ನಾಲ್ಕು ಡಿಸ್ಕಿನ ಸಾಲು ಬಿಟ್ಟು ಉಳಿದದ್ದೆಲ್ಲ ಬದಲಾಯಿತು.

ಒಂದು ಗಂಟೆಗೆ ಸಂಜೆಯ ಗಾಡಿಗಳ ಚೀಟಿ ಸರಾಗವಾಗಿ ಹೊರಬಂದವು. ಶಿವರಂಜನ್ ಫೋನ್ ಮಾಡಿದ. ಕೆಲಸ ವೃಂದಾಳದ್ದು, ಸೋಮವಾರವೇ ಅವಳ ಖಾಯಂ ಕಾಗದಕ್ಕೆ ಸಹಿ ಹಾಕು ಎಂದು ಗಿರಿಜಾದೇವಿ ಕಟ್ಟುನಿಟ್ಟಾಗಿ ಹೇಳಿದಳು.

ಆಮೇಲೆ ಒದ್ದೆ ಬಟ್ಟೆ ಹಿಡಿದು ಪೆಟ್ಟಿಗೆಯ ಕಡೆ ಹೊರಟಳು. ಈಗ ಬರೆದಿಟ್ಟಾಗಿದೆಯಲ್ಲ, ವಿಭೂತಿ ಯಾಕೆ ಎಂದು. ವೃಂದಾ ಅವಳ ಕೈ ಹಿಡಿದಳು.

"ಇರ್ಲಿ ಬಿಡಿ ಅಕ್ಕಾ. ಕೇಬಲ್ ಎಳೆಯೋಕೆ ಬರೋರು ಸ್ಕ್ರಿಪ್ಟ್ ಓದಲ್ಲ."